ಫಾಂಟ್ ಹೋಯಿತು

ಕಳ್ಳರು ನನಗೆ ಬರೆದ ಮೊದಲ ಪತ್ರದ ಮೊದಲ ಸಾಲು ‘ಚಿಂತೆ ಮಾಡಬೇಡಿ’ ಎಂದಿತ್ತು. ಮನೆ ದೋಚಿ ಹೋಗುವವ ಹೊಸ್ತಿಲಲ್ಲಿ ನಿಂತು ‘ಊಟ ಆಯ್ತಾ?’ ಎಂದು ಕೇಳಿದ ಹಾಗೆ. ಥೂ! ನಾನು ಮುಂಬಯಿಯ ಚಾಳಿನಲ್ಲಿ ಹುಟ್ಟಿ ಬೆಳೆದವಳು. ಬಾಲ್ದಿ ಹಿಡಿದು ಸಂಡಾಸಿನ ಕ್ಯೂನಲ್ಲಿ ನಿಂತವಳು. ಮಳೆಗಾಲದಲ್ಲಿ ಮೊಣಕಾಲು ಮಟ್ಟದ ನೀರಿನಲ್ಲಿ ಏನೇನು ತೇಲಿಹೋಗುತ್ತದೆ ಎಂದು ನೋಡಿಯೂ ಮನೆಗೆ ಹೋಗಿ ಕಾಲು ತೊಳೆದು ಅನ್ನ ಉಂಡವಳು. ನನಗೆ ಅಷ್ಟು ಸುಲಭಕ್ಕೆ ಹೇಸಿಗೆ ಆಗುವುದಿಲ್ಲ. ಆ ಪತ್ರ ಓದಿದ ದಿನ ಮಾತ್ರ ಎದುರಿಗಿದ್ದ ಇಡ್ಲಿ ಹಾಗೆಯೇ ತಣ್ಣಗಾಯಿತು.

ನನ್ನ ಕಸುಬು ಕನ್ನಡ ಟೈಪಿಂಗು. ಮಾಟುಂಗ ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ಒಂದು ಉಡುಪಿ ಹೋಟೆಲು, ಅದರ ಹಿಂದಿನ ಮೆಟ್ಟಿಲು ಹತ್ತಿದರೆ ನನ್ನ ಖೋಲಿ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಇಡೀ ದಿನ ಕೆಳಗಿನಿಂದ ಬರುವ ಸಾಂಬಾರಿನ ಪರಿಮಳ. ಮದುವೆ ಕಾಗದ, ಉತ್ತರಕ್ರಿಯೆಯ ಕಾಗದ, ಕನ್ನಡ ಸಂಘಗಳ ಸ್ಮರಣ ಸಂಚಿಕೆ, ಯಾರೂ ಓದದ ಕವನ ಸಂಕಲನ, ಇಪ್ಪತ್ತೈದು ವರ್ಷದಿಂದ ಇದೇ ಕೆಲಸ.

ನಮ್ಮ ಕಸುಬಿನಲ್ಲಿ ಒಂದು ಕಾಯಂ ಮಾತು ಉಂಟು: ‘ಫಾಂಟ್ ಹೋಯಿತು.’ ನಾವು ಹಳಬರು ಟೈಪ್ ಮಾಡಿದ ಕನ್ನಡ ಒಳಗೊಳಗೆ ಇಂಗ್ಲಿಷ್ ಅಕ್ಷರವೇ. ಮೇಲೆ ಕನ್ನಡದ ಅಂಗಿ ತೊಟ್ಟಿರುತ್ತದೆ, ಅಷ್ಟೆ. ಆ ಅಂಗಿಯೇ ಫಾಂಟು. ಅದಿಲ್ಲದ ಕಂಪ್ಯೂಟರಿನಲ್ಲಿ ಫೈಲು ತೆರೆದರೆ ‘ಕನ್ನಡ’ ಎಂದು ಬರೆದದ್ದು ಒಂದು ಪಿ, ತಲೆ ಮೇಲೆ ಗೀರು ಎಳೆದುಕೊಂಡ ಒಂದು ಎ, ಒಂದು ಪೌಂಡಿನ ಗುರುತು ಎಂದೆಲ್ಲ ಕಾಣುತ್ತದೆ. ಹೊಸಬರು ಹೌಹಾರುತ್ತಾರೆ. ನಾವು ಹಾರುವುದಿಲ್ಲ. ಫಾಂಟನ್ನು ಮತ್ತೊಮ್ಮೆ ಹಾಕುತ್ತೇವೆ, ಎಲ್ಲ ಸರಿಯಾಗುತ್ತದೆ. ಈ ಮಾತಿಗೆ ಇನ್ನೊಂದು ಉಪಯೋಗವೂ ಉಂಟು. ಹೇಳಿದ ದಿನಕ್ಕೆ ಕೆಲಸ ಮುಗಿದಿಲ್ಲ, ಗಿರಾಕಿಯ ಫೋನು ಬಂತು ಎಂದಾಗ, ‘ಫಾಂಟ್ ಹೋಯ್ತು ಮಾರಾಯ್ರೇ, ನಾಳೆ ಕೊಡ್ತೇನೆ’ ಎಂದರೆ ಆಯಿತು. ದರ್ಜಿಯವರು ‘ಗುಂಡಿ ಒಂದು ಬಾಕಿ’ ಎನ್ನುವುದಿಲ್ಲವೇ, ಹಾಗೆ.

ಈಗ ಟೀಚರ್ ವಿಷಯ. ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ನನಗೆ ಮೂರನೇ ಕ್ಲಾಸಿನಲ್ಲಿ ಪಾಠ ಮಾಡಿದವರು. ನನಗೆ ತಲೆ ನರೆತರೂ ಅವರು ನನಗೆ ಟೀಚರ್, ನಾನು ಅವರಿಗೆ ‘ಏ ಹುಡುಗಿ’. ಈಗ ಅವರಿಗೆ ಎಂಬತ್ತು ದಾಟಿದೆ. ಮುಲುಂಡಿನಲ್ಲಿ ನನ್ನ ಬಿಲ್ಡಿಂಗಿನಿಂದ ಎರಡು ಬಿಲ್ಡಿಂಗ್ ಆಚೆ, ತಂಗಿಯ ಮಗಳ ಫ್ಲಾಟಿನಲ್ಲಿ ಇದ್ದಾರೆ. ಕೆಲವು ವರ್ಷಗಳಿಂದ ಅವರ ಕಣ್ಣಿನ ನಡುಭಾಗ ಸತ್ತಿದೆ, ಅಂಚಿನಲ್ಲಿ ಮಾತ್ರ ಕಾಣುತ್ತದೆ. ‘ಬಾಗಿಲು ಕಾಣ್ತದೆ, ಬಾಗಿಲಲ್ಲಿ ನಿಂತವರ ಮುಖ ಕಾಣುವುದಿಲ್ಲ’ ಎನ್ನುತ್ತಾರೆ.

ಶಾಲೆಯಲ್ಲಿ ಇದ್ದಷ್ಟು ಕಾಲವೂ ಅವರು ಮಕ್ಕಳ ಬಾಯಿಯಿಂದ ಬಿದ್ದ ಮುಂಬಯಿ ಕನ್ನಡದ ಮಾತುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಹೋಟೆಲಿನವರ ಮಕ್ಕಳು, ಗಾರೆ ಕೆಲಸದವರ ಮಕ್ಕಳು, ಕಲಬುರಗಿ ಕಡೆಯವರು, ಕುಂದಾಪುರ ಕಡೆಯವರು, ಎಲ್ಲರ ಕನ್ನಡವೂ ಮರಾಠಿ ಹಿಂದಿಯೊಟ್ಟಿಗೆ ಸೇರಿ ಇಲ್ಲಿ ಏನಾಯಿತೋ ಅದರದ್ದೊಂದು ಅರ್ಥಕೋಶ. ‘ಅಡ್ಜಸ್ಟ್: ಮೂವರ ಸೀಟಿನಲ್ಲಿ ನಾಲ್ಕನೆಯವರಾಗಿ ಅರ್ಧ ಕುಂಡೆ ಊರಲು ಕೇಳುವ ಅಪ್ಪಣೆ.’ ‘ಖೋಲಿ: ಇರುವ ಒಂದೇ ಕೋಣೆಯನ್ನು ಮನೆ ಎನ್ನಲು ಸಂಕೋಚವಾದಾಗ ಬಳಸುವ ಮಾತು.’ ಇಂಥವು ಮೂರು ಸಾವಿರದ ಹತ್ತಿರ. ಹದಿನಾಲ್ಕು ನೋಟ್‌ಬುಕ್ಕು. ಮೂರು ವರ್ಷ ಕೂತು ನಾನು ಟೈಪ್ ಮಾಡಿದೆ, ಒಂದು ಅಕ್ಷರಕ್ಕೆ ಒಂದು ಫೈಲು. ‘ಫಾಂಟ್ ಹೋಯಿತು’ ಎನ್ನುವುದನ್ನೂ ಟೀಚರ್ ನನ್ನ ಬಾಯಿಂದ ಕೇಳಿ ಕೇಳಿ ಅರ್ಥಕೋಶಕ್ಕೆ ಸೇರಿಸಿದ್ದರು. ಅದನ್ನು ಟೈಪ್ ಮಾಡಿದ ದಿನ ನಾನು ನಕ್ಕದ್ದು ನೆನಪಿದೆ.

ನೋಟ್‌ಬುಕ್ಕುಗಳು ಎಲ್ಲಿ ಎಂದರೆ, ಇಲ್ಲ. ಹಳೆಯ ಚಾಳು ಕೆಡವುತ್ತಾರೆಂದು ಟೀಚರ್ ಮುಲುಂಡಿಗೆ ಬಂದಾಗ, ಇಷ್ಟು ಚಿಕ್ಕ ಫ್ಲಾಟಿನಲ್ಲಿ ಈ ಕಟ್ಟು ಎಲ್ಲಿಡುವುದು ಎಂದು ಪ್ರಶ್ನೆ ಬಂತು. ‘ಇದನ್ನೆಲ್ಲ ರದ್ದಿಗೆ ಹಾಕಿ ಟೀಚರ್. ಕಂಪ್ಯೂಟರಿನಲ್ಲಿ ಭದ್ರ ಉಂಟು’ ಎಂದವಳು ನಾನು. ರದ್ದಿಯವನ ತಕ್ಕಡಿಯ ಮೇಲೆ ಎತ್ತಿ ಇಟ್ಟವಳೂ ನಾನೇ.

ಕೊನೆಗೂ ಒಂದು ಕನ್ನಡ ಸಂಘದವರು ಪುಸ್ತಕ ಮಾಡಲು ಒಪ್ಪಿದರು. ಒಂದೇ ಷರತ್ತು: ಹಳೆಯ ಫಾಂಟು ನಮ್ಮ ಪ್ರೆಸ್ಸಿನಲ್ಲಿ ನಡೆಯುವುದಿಲ್ಲ, ಯೂನಿಕೋಡ್ ಮಾಡಿ ಕೊಡಿ. ಎಂದರೆ ಅಂಗಿ ತೊಟ್ಟ ಇಂಗ್ಲಿಷ್ ಬೇಡ, ನಿಜವಾದ ಕನ್ನಡ ಅಕ್ಷರ ಬೇಕು. ಬದಲಾಯಿಸುವ ಸಾಫ್ಟ್‌ವೇರು ನನ್ನಲ್ಲಿ ಒಂದಿತ್ತು. ಆದರೆ ಅರ್ಕಾವತ್ತು ಕಂಡರೆ ಅದಕ್ಕೆ ತಲೆ ಕೆಡುತ್ತಿತ್ತು. ‘ಸೂರ್ಯ’ ಎಂದು ಕೊಟ್ಟರೆ ‘ಸೂಯರ್’ ಎಂದು ವಾಪಸು. ಮೂರು ಸಾವಿರ ಮಾತುಗಳಲ್ಲಿ ಇದನ್ನೆಲ್ಲ ಕೈಯಲ್ಲಿ ತಿದ್ದುವುದೇ? ಸಾವು ಮಾರಾಯ್ರೇ!

ಹಾಗಾಗಿ ಒಂದು ಗುರುವಾರ ಮಧ್ಯಾಹ್ನ ನೆಟ್ಟಿನಲ್ಲಿ ಹುಡುಕಿದೆ. ಸಿಕ್ಕಿತು. ‘ಅರ್ಕಾವತ್ತು ತಪ್ಪದ ಪರಿವರ್ತಕ, ಪೂರ್ಣ ಆವೃತ್ತಿ, ಕನ್ನಡಿಗರ ಸೇವೆಗಾಗಿ ಸಂಪೂರ್ಣ ಉಚಿತ.’ ಪುಕ್ಸಟ್ಟೆ ಸಿಕ್ಕಿದರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಜಾತಿ ನಮ್ಮದು. ಒತ್ತಿದೆ. ಆ್ಯಂಟಿವೈರಸ್ಸು ಕೆಂಪು ತೋರಿಸಿ ಬೊಬ್ಬೆ ಹಾಕಿತು. ಅದಕ್ಕೂ ಆ ಪುಟದಲ್ಲಿ ಉತ್ತರ ಬರೆದಿತ್ತು: ‘ಕನ್ನಡದ ಸಾಫ್ಟ್‌ವೇರುಗಳನ್ನು ಆ್ಯಂಟಿವೈರಸ್ ತಪ್ಪಾಗಿ ತಡೆಯುತ್ತದೆ, ದಯವಿಟ್ಟು ಆಫ್ ಮಾಡಿ ಹಾಕಿಕೊಳ್ಳಿ.’ ಇದೇ ನೋಡಿ ನನ್ನನ್ನು ಕೆಡವಿದ್ದು. ಯಾಕೆಂದರೆ ಅದು ಅರ್ಧ ನಿಜ. ನಮ್ಮ ಹಳೆಯ ಟೈಪಿಂಗ್ ಸಾಫ್ಟ್‌ವೇರುಗಳನ್ನು ಹಾಕುವಾಗಲೂ ಅದು ಹೀಗೇ ಬೊಗಳುತ್ತಿತ್ತು, ನಾವು ಹೀಗೇ ಬಾಯಿ ಮುಚ್ಚಿಸುತ್ತಿದ್ದೆವು. ಯಾರೋ ನಮ್ಮ ಕಸುಬು ಬಲ್ಲವನೇ ಕೂತು ಆ ಸಾಲು ಬರೆದಿದ್ದಾನೆ. ಕನ್ನಡ ಬಲ್ಲವನು, ಅರ್ಕಾವತ್ತಿನ ಸಂಕಟ ಬಲ್ಲವನು.

ಹಾಕಿದೆ. ಏನೂ ಆಗಲಿಲ್ಲ. ಕೆಳಗೆ ಹೋಗಿ ಕಾಫಿ ಕುಡಿದು ಬಂದು ‘ದ’ ಫೈಲು ತೆರೆದರೆ ಒಳಗೆಲ್ಲ ಚಿತ್ರವಿಚಿತ್ರ ಗುರುತುಗಳು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಯೇ ಎದೆ ಹೊಡೆದುಕೊಂಡು ವೈರು ಕೀಳುತ್ತಿದ್ದರು. ನಾನು? ‘ಹಾಂ, ಫಾಂಟ್ ಹೋಯ್ತು’ ಎಂದೆ. ಇಪ್ಪತ್ತೈದು ವರ್ಷ ಅದೇ ಕಸವನ್ನು ನೋಡಿದ ಕಣ್ಣು ಇದನ್ನೂ ಅದೇ ಎಂದುಕೊಂಡಿತು. ಫಾಂಟ್ ಹಾಕಿದೆ. ಸರಿಯಾಗಲಿಲ್ಲ. ತೆಗೆದು ಮತ್ತೆ ಹಾಕಿದೆ. ಫೈಲಿನ ಹೆಸರಿನ ಬಾಲಕ್ಕೆ ನಾಲ್ಕು ಹೊಸ ಅಕ್ಷರ ಅಂಟಿಕೊಂಡಿತ್ತು, ಆ ಪರಿವರ್ತಕ ಸೇರಿಸಿದ್ದಿರಬೇಕು ಎಂದುಕೊಂಡೆ. ಪ್ರತಿ ಫೋಲ್ಡರಿನಲ್ಲೂ ‘ಓದಿ’ ಎಂಬ ಹೆಸರಿನ ಒಂದು ಇಂಗ್ಲಿಷ್ ಕಾಗದ ಇತ್ತು. ಅಂಥದ್ದನ್ನು ಯಾರು ಓದುತ್ತಾರೆ? ಶುಕ್ರವಾರ ಇಡೀ ದಿನ ಯಂತ್ರ ಚಾಲೂ ಇಟ್ಟುಕೊಂಡು ಫಾಂಟಿನೊಟ್ಟಿಗೆ ಗುದ್ದಾಡಿದೆ. ಸಾಯಂಕಾಲ ಹೊಳೆಯಿತು, ಅಯ್ಯೋ, ಕಾಪಿ ಇಟ್ಟ ಪೆನ್‌ಡ್ರೈವ್ ಉಂಟಲ್ಲ! ತಂದು ಅದೇ ಯಂತ್ರಕ್ಕೆ ಚುಚ್ಚಿದೆ. ಹತ್ತು ನಿಮಿಷದಲ್ಲಿ ಅದರಲ್ಲಿದ್ದದ್ದಕ್ಕೂ ಅದೇ ಬಾಲ ಬಂತು. ಇದ್ದದ್ದು ಅದೊಂದೇ ಕಾಪಿ.

ಶನಿವಾರ ರಿಪೇರಿಯ ಭಾಯಿಯನ್ನು ಕರೆಸಿದೆ. ವಿಜಯಪುರ ಕಡೆಯವರು, ಮನೆಯಲ್ಲಿ ದಖನಿ, ನನ್ನೊಟ್ಟಿಗೆ ಕನ್ನಡ. ಕೂತು ಒಂದು ನಿಮಿಷ ನೋಡಿದವರೇ ಮೊದಲು ನೆಟ್ಟಿನ ವೈರು ಕಿತ್ತು ಒಗೆದರು.

‘ಅಕ್ಕಾರ, ಎರಡ ದಿನ ಇದನ್ನ ಹಿಂಗ ಚಾಲೂ ಇಟ್ಟೀರೇನ್ರಿ?’

‘ಫಾಂಟ್ ಹೋಗಿತ್ತು ಭಾಯಿ.’

‘ಫಾಂಟ್ ಹೋದ್ರ ಫೈಲಿನ ಹೆಸರ ಯಾಕ ಬದಲಾಗ್ತದರಿ?’

ಅವರು ಆ ಇಂಗ್ಲಿಷ್ ಕಾಗದ ತೆರೆದು ಸಾಲು ಸಾಲಾಗಿ ಅರ್ಥ ಹೇಳಿದರು. ಚಿಂತೆ ಮಾಡಬೇಡಿ. ನಿಮ್ಮ ಫೈಲುಗಳಿಗೆಲ್ಲ ಬೀಗ ಹಾಕಿದ್ದೇವೆ. ಕೀಲಿ ನಮ್ಮಲ್ಲಿ ಮಾತ್ರ ಇದೆ, ಹಣ ಕೊಟ್ಟರೆ ಕೊಡುತ್ತೇವೆ. ಮೂರು ದಿನದೊಳಗೆ ಬರೆದರೆ ಅರ್ಧ ರೇಟು. ಸೀರೆ ಅಂಗಡಿಯ ಆಷಾಢದ ಸೇಲಿನಲ್ಲಿಯೂ ಇಷ್ಟು ಮರ್ಯಾದೆಯ ಮಾತು ಇರುವುದಿಲ್ಲ. ‘ಹಲ್ಕಟ್ ನನ್ಮಕ್ಕಳು!’ ಎಂದು ನಾನು ಕಿರುಚಿದ್ದು ಕೆಳಗೆ ಹೋಟೆಲಿನ ಗಲ್ಲಾದವರೆಗೂ ಕೇಳಿಸಿತಂತೆ.

ಭಾಯಿ ಸಾಯಂಕಾಲದವರೆಗೆ ಕೂತರು. ಬೀಗ ಬಿದ್ದ ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ತೆಗೆದಿಟ್ಟರು, ‘ಒಗೀಬ್ಯಾಡ್ರಿ, ಯಾವತ್ತರ ಒಂದ ದಿನ ಯಾರರ ಕೀಲಿ ಕಂಡ ಹಿಡೀಬಹುದು’ ಎಂದರು. ತಮ್ಮ ಪೆನ್‌ಡ್ರೈವಿನಿಂದ ಯಂತ್ರ ಶುರು ಮಾಡಿ ಆ ಕೊಳಕನ್ನು ಹುಡುಕಿದರು. ಅದು ಒಂದೇ ಕಡೆ ಇರಲಿಲ್ಲ. ಕಂಪ್ಯೂಟರಿನದ್ದೇ ಯಾವುದೋ ಸಂಭಾವಿತ ಹೆಸರಿಟ್ಟುಕೊಂಡು ಮೂರು ಮೂಲೆಯಲ್ಲಿ ಕೂತಿತ್ತು. ಒಂದನ್ನು ಕೊಂದರೆ ಐದು ನಿಮಿಷಕ್ಕೆ ಇನ್ನೊಂದು ಎದ್ದು ಕೂರುವ ಹಾಗೆ ಟೈಮ್ ಕಟ್ಟಿಕೊಂಡಿತ್ತು. ನನ್ನ ಪಾಸ್‌ವರ್ಡುಗಳನ್ನೂ ನೆಕ್ಕಿಕೊಂಡು ಹೋಗಿರಬಹುದು ಎಂದು ಎಲ್ಲವನ್ನೂ ಫೋನಿನಲ್ಲಿ ಬದಲಾಯಿಸಲು ಹೇಳಿದರು. ಕೊನೆಗೆ ಇಡೀ ಡಿಸ್ಕು ಒರೆಸಿ ಹೊಸದಾಗಿ ಎಲ್ಲ ಹಾಕಿದರು. ಅವರು ಹೋದ ಮೇಲೆ ನಾನು ಕೀಬೋರ್ಡನ್ನು ಡೆಟಾಲ್ ಹಾಕಿ ಉಜ್ಜಿದೆ. ಪಿರ್ಕಿ, ತಲೆ ಸರಿಯಿಲ್ಲ ಎನ್ನಬಹುದು ನೀವು. ಯಾರದ್ದೋ ಎಂಜಲು ಕೈ ಅದರ ಮೇಲೆ ಓಡಾಡಿದ ಹಾಗೆ ಅನಿಸುತ್ತಿತ್ತು.

‘ಹುಳಾ ತೆಗದೇನ್ರಿ ಅಕ್ಕಾರ’ ಎಂದು ಹೋಗುವಾಗ ಭಾಯಿ ಹೇಳಿದ್ದರು, ‘ಅದು ತಿಂದದ್ದನ್ನ ಕಕ್ಕಸೂದು ನನ್ನ ಕಡಿಂದ ಆಗೂದಿಲ್ಲ. ಆ ಮಂದಿಗೆ ಮಾತ್ರ ಬರೀಬ್ಯಾಡ್ರಿ. ರೊಕ್ಕ ಕೊಟ್ಟವರಿಗೂ ಕೀಲಿ ಸಿಕ್ಕಿಲ್ಲ, ಮತ್ತ ಕೇಳ್ಯಾರ.’

ನಾನು ಬರೆದೆ. ಭಾನುವಾರ ಬೆಳಿಗ್ಗೆ ಬೇಗ ಖೋಲಿಗೆ ಹೋಗಿ. ಯಾಕೆಂದರೆ ಆ ಕಾಗದದ ಕೊನೆಯಲ್ಲಿ ಇನ್ನೊಂದು ಸಾಲು ಇತ್ತು. ನಮ್ಮನ್ನು ನಂಬಲು ಒಂದು ಚಿಕ್ಕ ಫೈಲು ಕಳಿಸಿ, ಬೀಗ ತೆಗೆದು ಪುಕ್ಕಟೆ ಕೊಡುತ್ತೇವೆ, ಆದರೆ ಅದರಲ್ಲಿ ಬೆಲೆಬಾಳುವ ವಿಷಯ ಇರಬಾರದು. ಮತ್ತೆ ಪುಕ್ಕಟೆ! ಬುದ್ಧಿ ಬಂತೇ ನನಗೆ? ಇಡೀ ಕನ್ನಡದಲ್ಲಿ ಒಂದು ಅಕ್ಷರ ಉಳಿಸಿಕೊಳ್ಳಬಹುದು ಎಂದರೆ ಯಾವುದನ್ನು ಕೇಳುತ್ತೀರಿ? ‘ಕ’ ಕೇಳುವ ಆಸೆ, ಅದರಲ್ಲಿ ನಾನೂರು ಮಾತು. ಆದರೆ ಫೈಲು ದೊಡ್ಡದು. ‘ಅ’ವೂ ದೊಡ್ಡದು. ಕಡೆಗೆ ಮೂರೇ ಪುಟದ ‘ಫ’ ಆರಿಸಿದೆ. ಅದು ಕನ್ನಡದಲ್ಲಿ ಬಾಡಿಗೆಗೆ ಇರುವ ಅಕ್ಷರ. ‘ಇದರಲ್ಲಿ ಬೆಲೆಬಾಳುವುದು ಏನೂ ಇಲ್ಲ’ ಎಂದು ನನ್ನ ಕೈಯಾರೆ ಬರೆದು ಕಳಿಸಿದೆ.

ಅರ್ಧ ಗಂಟೆಯಲ್ಲಿ ‘ಫ’ ಬಂತು. ಫಟಾಫಟ್, ಫಾಲ್ತು, ಫಾಸ್ಟ್, ಫುಕಟ್, ಒಂದು ಒತ್ತೂ ಕೆಟ್ಟಿರಲಿಲ್ಲ. ಪ್ರಿಂಟು ತೆಗೆದು ಕೈಯಲ್ಲಿ ಹಿಡಿದು ಅತ್ತುಬಿಟ್ಟೆ. ಅತ್ತದ್ದಕ್ಕೆ ನಾಚಿಕೆಯಿಲ್ಲ. ಆದರೆ ಅಳುತ್ತ ಅಳುತ್ತ ಅಭ್ಯಾಸಬಲದಿಂದ ಆ ಕಳ್ಳರಿಗೆ ‘ಥ್ಯಾಂಕ್ಸ್’ ಎಂದು ಉತ್ತರ ಬರೆದು ಕಳಿಸಿದೆ. ಥೂ ನನ್ನ ಜನ್ಮಕ್ಕಿಷ್ಟು! ಅವರು ಇಂಗ್ಲಿಷಿನಲ್ಲಿ ‘ಪರವಾಗಿಲ್ಲ, ಗೆಳತಿ’ ಎಂದರು, ಇವತ್ತಿಗೆ ಅರ್ಧ ರೇಟು ಮುಗಿಯುತ್ತದೆ ಎಂದೂ ನೆನಪಿಸಿದರು. ಆ ‘ಗೆಳತಿ’ ಎಂಬ ಮಾತು ಮೈಮೇಲೆ ಹಲ್ಲಿ ಬಿದ್ದ ಹಾಗಾಯಿತು. ಹಣ ಕೊಡಲಿಲ್ಲ. ಭಾಯಿಯ ಮಾತಿಗೆ ಬೆಲೆ ಕೊಟ್ಟು ಎನ್ನಲೇ, ಧರ್ಮ ಎನ್ನಲೇ? ಎರಡೂ ಅಲ್ಲ. ಹೇಸಿಗೆಯಾಯಿತು, ಅಷ್ಟೆ. ನನ್ನ ಆ ಹೇಸಿಗೆಗಾಗಿ ಟೀಚರ ಪುಸ್ತಕ ಹೋಯಿತೋ ಎಂದು ಈಗಲೂ ಲೋಕಲ್ಲಿನಲ್ಲಿ ಕೂತಾಗ ಯೋಚನೆ ಬರುತ್ತದೆ.

ಅದೇ ಭಾನುವಾರ ಹತ್ತು ಗಂಟೆಗೆ ಟೀಚರ ಮನೆಗೆ ಹೋಗಲೇಬೇಕಿತ್ತು. ಅಚ್ಚಿಗೆ ಹೋಗುವ ಮೊದಲು ವಾರಕ್ಕೊಂದು ಅಕ್ಷರ ನಾನು ಓದುವುದು, ಅವರು ಕೇಳಿ ತಿದ್ದುವುದು ಎಂದು ಮಾಡಿಕೊಂಡಿದ್ದೆವು. ‘ತ’ ಮುಗಿದಿತ್ತು, ‘ಥ’ದಲ್ಲಿ ಹೆಚ್ಚೇನೂ ಇರಲಿಲ್ಲ. ಓದಿ ಮುಗಿದ ಪ್ರಿಂಟುಗಳು, ತಿದ್ದುಪಡಿ ಫೈಲಿಗೆ ಏರಿಸಿದ ಮೇಲೆ, ಅವೂ ರದ್ದಿಗೇ ಹೋಗಿದ್ದವು. ಅವರು ಕಿಟಕಿಯ ಗ್ರಿಲ್ಲಿನ ಪಕ್ಕ ಕುರ್ಚಿಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು.

‘ಓದು. ಇವತ್ತು ದ.’

‘ಇವತ್ತು ಫ ಓದ್ತೇನೆ ಟೀಚರ್. ದ ಫೈಲಿನ ಫಾಂಟ್ ಹೋಗಿದೆ.’

ಅವರ ಬೆರಳು ಒಂದು ಕ್ಷಣ ನಿಂತಿತು. ‘ಆಯ್ತು, ಫ ಓದು’ ಎಂದರು.

ಓದಿದೆ. ‘ಫಾಸ್ಟ್: ಬೇಗ ಹೋಗುವ ಗಾಡಿ, ನಮ್ಮ ಸ್ಟೇಷನ್ನಿನಲ್ಲಿ ನಿಲ್ಲದ್ದು.’ ‘ಫುಕಟ್: ಕಾಸು ಕೊಡದೆ ಸಿಕ್ಕಿದ್ದು. ಫುಕಟ್ ಚಹಾ ಕುಡಿದವನು ಸಕ್ಕರೆ ಕಡಿಮೆ ಅನ್ನಬಾರದು.’ ಇವಕ್ಕಿಂತ ಮೊದಲೇ ‘ಫಾಂಟ್ ಹೋಯಿತು’ ಬಂದಿತ್ತು. ನಾನು ಅದನ್ನು ದಾಟಿಸಿ ಮುಂದಿನದ್ದಕ್ಕೆ ಹೋಗಿದ್ದೆ. ಅವರಿಗೆ ಕಾಣುವುದಿಲ್ಲವಲ್ಲ ಎಂಬ ಧೈರ್ಯ. ಎಂಥ ಧೈರ್ಯ ನೋಡಿ ನನ್ನದು.

ಮುಂದಿನ ಭಾನುವಾರ ‘ಫದಲ್ಲಿ ಕೆಲವು ತಿದ್ದುಪಡಿ ಬಾಕಿ ಉಂಟು’ ಎಂದು ಮತ್ತೆ ಅದನ್ನೇ ಓದಿದೆ. ಸಂಘದವರ ಫೋನು ಬಂದರೆ ಅವರಿಗೂ ಫಾಂಟ್ ಹೋಯಿತು ಎನ್ನುತ್ತಿದ್ದೆ. ಟೀಚರ ತಂಗಿಯ ಮಗಳು ಲಿಫ್ಟಿನ ಹತ್ತಿರ ಸಿಕ್ಕಿ, ‘ಮಾವ್ಶಿ ಬುಕ್‌ಗಾಗಿ ಒಂದು ಹೊಸ ಸೀರೆ ತೆಗೆದು ಇಟ್ಟಿದ್ದಾಳೆ, ಫಂಕ್ಷನ್ ಕಬ್ ಹೈ?’ ಎಂದು ಕೇಳಿದಳು. ಅವಳಿಗೂ ಅದೇ ಉತ್ತರ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಆ ಎರಡು ವಾರ ಇಡೀ ಹೆಗಲು ಮುಟ್ಟಿಕೊಂಡೇ ಓಡಾಡಿದೆ.

ಮೂರನೆಯ ಭಾನುವಾರ ನಾನು ಕಾಗದ ತೆಗೆಯುವ ಮೊದಲೇ ಟೀಚರ್ ಹೇಳಿದರು, ‘ಎರಡು ಸಲವೂ ನೀನು ಒಂದು ಮಾತು ಬಿಟ್ಟೆ. ಫಟಾಫಟ್ ಆದ ಮೇಲೆ, ಫಾಲ್ತುಗಿಂತ ಮೊದಲು. ಇವತ್ತು ಅದೊಂದನ್ನೇ ಓದು.’

ಓದಿದೆ. ಬೇರೆ ದಾರಿ ಇರಲಿಲ್ಲ.

‘ಫಾಂಟ್ ಹೋಯಿತು: ಕೆಲಸ ಕೆಟ್ಟಾಗ ಹೇಳುವ ಮಾತು. ಸುಳ್ಳು ಎಂದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಕೇಳುವವರು ಪಾಪ ಎಂದು ಸುಮ್ಮನಿರುತ್ತಾರೆ.’

‘ಎರಡು ವಾರ ಸುಮ್ಮನಿದ್ದೆ’ ಎಂದರು ಟೀಚರ್. ‘ಎಷ್ಟು ಹೋಯ್ತು?’

‘ಎಲ್ಲ, ಟೀಚರ್. ಫ ಒಂದು ಬಿಟ್ಟು.’

ಎಲ್ಲ ಹೇಳಿದೆ. ಪುಕ್ಕಟೆ ಪರಿವರ್ತಕ, ಪೆನ್‌ಡ್ರೈವು, ಕಳ್ಳರಿಗೆ ಥ್ಯಾಂಕ್ಸ್ ಹೇಳಿದ್ದು ಕೂಡ. ಅವರು ಬೈದರೆ ಹಗುರವಾಗುತ್ತಿತ್ತು. ಬೈಯಲಿಲ್ಲ. ‘ನೋಟ್‌ಬುಕ್ಕು ರದ್ದಿಗೆ ಹಾಕು ಅಂತ ಹೇಳಿದ್ದು ನೀನಲ್ಲವಾ?’ ಎಂದು ಕೇಳಿದರು.

‘ಹೌದು ಟೀಚರ್.’

‘ಇವತ್ತು ಹೋಗು. ನಿನ್ನ ಮುಖ ನನಗೆ ಹೇಗೂ ಕಾಣುವುದಿಲ್ಲ. ಇವತ್ತು ದನಿಯೂ ಬೇಡ.’

ಮೆಟ್ಟಿಲಿಳಿದು ಬಂದೆ. ಲಿಫ್ಟು ಹತ್ತಲು ಮನಸ್ಸಾಗಲಿಲ್ಲ. ಆ ಕಳ್ಳರ ಮೇಲೆ ಎರಡು ವಾರದಿಂದ ಉಗಿದ ಉಗುಳೆಲ್ಲ ಆ ಮೆಟ್ಟಿಲಿನ ಮೇಲೆ ನನ್ನ ಮುಖಕ್ಕೇ ಬಿತ್ತು. ಅವರು ಮಾಡಿದ್ದು ಕಳ್ಳತನ, ಅದು ಅವರ ಕಸುಬು. ಕಣ್ಣು ಕಾಣದ ನನ್ನ ಟೀಚರ ಎದುರು ಕೂತು ಎರಡು ಭಾನುವಾರ ನಾಟಕ ಮಾಡಿದವಳು ನಾನು.

ಹತ್ತು ದಿನ ಫೋನು ಬರಲಿಲ್ಲ. ಹನ್ನೊಂದನೆಯ ದಿನ ಬಂತು. ‘ಒಂದು ದಪ್ಪ ನೋಟ್‌ಬುಕ್ಕು ತೆಗೊಂಡು ಬಾ. ಪೆನ್ನು ತಾ. ಆ ಕಂಪ್ಯೂಟರ್ ಡಬ್ಬಾದ ಸಹವಾಸ ಬೇಡ’ ಎಂದರು.

ಈಗ ಪ್ರತಿ ಭಾನುವಾರ ಅವರು ನೆನಪಿನಿಂದ ಹೇಳುತ್ತಾರೆ, ನಾನು ಕೈಯಲ್ಲಿ ಬರೆಯುತ್ತೇನೆ. ‘ಅಡ್ಜಸ್ಟ್’ ಸರಾಗವಾಗಿ ಬಂತು. ಒಂದೊಂದು ದಿನ ಹತ್ತು ಮಾತು ಬರುತ್ತದೆ, ಒಂದೊಂದು ದಿನ ಎರಡು. ಮೊನ್ನೆ ‘ಗ’ ನಡೆದಿತ್ತು. ‘ಗಾಡಿಯ ಬಾಗಿಲಲ್ಲಿ ಕಂಬ ಹಿಡಿದು ನಿಂತು ಯಾರನ್ನೂ ಒಳಗೆ ಬಿಡದವರಿಗೆ ಮಕ್ಕಳು ಒಂದು ಹೆಸರು ಇಟ್ಟಿದ್ದರಲ್ಲ, ಅದು ಎಂತ?’ ಎಂದು ಕೇಳಿದರು. ನಾನು ಆ ಮಾತನ್ನು ಈ ಬೆರಳುಗಳಿಂದಲೇ ಟೈಪ್ ಮಾಡಿದವಳು, ಟೈಪ್ ಮಾಡುವಾಗ ನಕ್ಕವಳು. ಎಷ್ಟು ಮಂಡೆ ಕೆರೆದುಕೊಂಡರೂ ಬರಲಿಲ್ಲ.

‘ನಿಂಗೂ ಇಲ್ಲವಾ?’

‘ಇಲ್ಲ ಟೀಚರ್.’

‘ಜಾಗ ಬಿಡು’ ಎಂದರು.

ಎರಡು ಗೆರೆ ಬಿಟ್ಟೆ. ಆ ನೋಟ್‌ಬುಕ್ಕಿನಲ್ಲಿ ಈಗ ಬರೆದ ಗೆರೆಗಿಂತ ಬಿಟ್ಟ ಗೆರೆಯೇ ಹೆಚ್ಚು. ಟೀಚರಿಗೆ ಅದು ಕಾಣುವುದಿಲ್ಲ. ಎಷ್ಟು ಬಿಟ್ಟೆ ಎಂದು ಪ್ರತಿ ವಾರ ಕೇಳುತ್ತಾರೆ, ನಾನು ಎಣಿಸಿ ನಿಜವನ್ನೇ ಹೇಳುತ್ತೇನೆ.